ಚಿಂಚೋಳಿ ಕಾಡಿನ ಬೆಂಕಿಯನ್ನು ಫಾರ್‌ಸೈಟ್‌ನಲ್ಲಿ ಓಡಿಸಲು ಗಾಳಿ, ಹವಾಮಾನದ ಫೈಲ್ ಹೇಗೆ ಮಾಡಬೇಕು?

ಇಆರ್‌ಎ5 (ಗಂಟೆಗಂಟೆಯ ಹಳೆಯ ಹವಾಮಾನವನ್ನು ಗ್ರಿಡ್ ಚೌಕಗಳಲ್ಲಿ ಕೊಡುವ ಜಾಗತಿಕ ದತ್ತಾಂಶ) ಡೇಟಾ ಇಳಿಸಿ, ಕಾಡಿನ ಬೆಂಕಿ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಫಾರ್‌ಸೈಟ್ ಸಾಫ್ಟ್‌ವೇರ್‌ಗೆ ಕೊಟ್ಟಿದ್ದೀರಿ. ಏಪ್ರಿಲ್‌ನ ಬೆಂಕಿ ಉಪಗ್ರಹ ತೋರಿಸಿದ್ದಕ್ಕೆ ಉಲ್ಟಾ ದಿಕ್ಕಿಗೆ ಹೋಗುತ್ತಿದೆ, ಬೆಳಿಗ್ಗೆಯೇ ಜೋರಾಗಿ ಮಧ್ಯಾಹ್ನ ಮಂದವಾಗುತ್ತಿದೆ ಅಂತ ಬರೆದಿದ್ದೀರಿ. ನಾನೂ ಕಲಬುರಗಿಯವನೇ, ಇದೇ ಕೆಲಸ ಮಾಡುವವನು. ಸಾಫ್ಟ್‌ವೇರ್ ಕೆಟ್ಟಿಲ್ಲ ರೀ. ಮೊದಲು ಗಾಳಿಯ ಕಾಲಂ ಮತ್ತು ಗಡಿಯಾರ ನೋಡ್ರಿ.

ಇಆರ್‌ಎ5 ಗಾಳಿಯನ್ನು ಯು (ಪೂರ್ವದ ಕಡೆಗೆ), ವಿ (ಉತ್ತರದ ಕಡೆಗೆ) ಎಂದು ಎರಡು ಭಾಗವಾಗಿ ಕೊಡುತ್ತದೆ, ಅವು ಗಾಳಿ ಹೋಗುವ ಕಡೆ ಹೇಳುತ್ತವೆ. ಕಣದಲ್ಲಿ ರಾಶಿ ತೂರುವವರು ಹೊಟ್ಟು ಹಾರುವ ಕಡೆ ನೋಡಿದ ಹಾಗೆ. ಫಾರ್‌ಸೈಟ್‌ಗೆ ಬೇಕಾದದ್ದು ಗಾಳಿ ಬರುವ ಕಡೆ: ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದ ಡಿಗ್ರಿ. ಪಶ್ಚಿಮದಿಂದ ಬೀಸಿದರೆ 270, ಬೆಂಕಿ ಪೂರ್ವಕ್ಕೆ ಓಡುತ್ತದೆ. ಹಾಗಾಗಿ ಯು, ವಿ ಎರಡಕ್ಕೂ ಮೈನಸ್ ಹಚ್ಚಿ ಆರ್ಕ್‌ಟ್ಯಾನ್2 (ಎರಡು ಭಾಗಗಳಿಂದ ಕೋನ ಕೊಡುವ ಗಣಿತದ ಫಂಕ್ಷನ್) ತೆಗೀರಿ. ಡಿಗ್ರಿಯಲ್ಲಿ ಕೋನ ಋಣವಾಗಿ ಬಂದರೆ 360 ಕೂಡಿಸ್ರಿ. ಮೈನಸ್ ಬಿಟ್ಟರೆ ಸರಿಯಾಗಿ 180 ಡಿಗ್ರಿ ತಪ್ಪುತ್ತದೆ.

ಇಆರ್‌ಎ5 ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ಭಾರತದ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಕೂಡಿಸದಿದ್ದರೆ ನಮ್ಮೂರಿನ ಮಧ್ಯಾಹ್ನ ಎರಡೂವರೆಯ ಬಿಸಿಲು ಫೈಲ್‌ನಲ್ಲಿ ಬೆಳಿಗ್ಗೆ 9ಕ್ಕೇ ಕೂರುತ್ತದೆ. ಕಲಬುರಗಿ ಬಿಸಿಲಿಗೆ ಅಷ್ಟು ಅವಸರವಿಲ್ಲ! ಯುಟಿಸಿ 19 ಗಂಟೆಯಿಂದ ಮುಂದಿನದು ಮರುದಿನದ ತಾರೀಖಿಗೆ ಹೋಗಬೇಕು ಎಂಬುದನ್ನೂ ಮರೀಬೇಡ್ರಿ.

ಇನ್ನು ಗಾಳಿ ಅಳೆದ ಎತ್ತರ. ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ಫಾರ್‌ಸೈಟ್ ಕೇಳುವುದು ಗಿಡಮರಗಳ ತುದಿಯಿಂದ 20 ಅಡಿ ಮೇಲಿನ ಗಾಳಿ. ಇಆರ್‌ಎ5 ಕೊಡುವುದು 10 ಮೀಟರಿನದು, ಅದನ್ನು ಸುಮಾರು 1.15ರಿಂದ ಭಾಗಿಸ್ರಿ: ಗಂಟೆಗೆ 23 ಕಿ.ಮೀ. ಇದ್ದರೆ 20 ಆಗುತ್ತದೆ. ಕೃಷಿ ಹವಾಮಾನ ಕೇಂದ್ರದ ಅಳತೆ ಸಿಕ್ಕರೆ ಹುಷಾರು. ಅಲ್ಲಿ ಗಾಳಿಮಾಪಕ ಸಾಮಾನ್ಯವಾಗಿ 3 ಮೀಟರಿನಲ್ಲಿರುತ್ತದೆ, ಅದನ್ನು ಇಳಿಸುವುದಲ್ಲ, ಏರಿಸಬೇಕು. ಮರಗಳ ನೆರಳಿನಡಿ ಗಾಳಿ ಕಡಿಮೆಯಾಗುವುದನ್ನು ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುತ್ತದೆ, ಅದಕ್ಕಾಗಿ ನೀವು ಮತ್ತೆ ಕಡಿತ ಮಾಡಬೇಡ್ರಿ.

ಯೂನಿಟ್‌ಗಳು: ಫೈಲ್‌ನಲ್ಲಿ ಮೆಟ್ರಿಕ್ ಅಂತ ಬರೆದಿದ್ದರೆ ಗಾಳಿ ಗಂಟೆಗೆ ಕಿ.ಮೀ.ನಲ್ಲಿ (ಸೆಕೆಂಡಿಗೆ ಮೀಟರನ್ನು 3.6ರಿಂದ ಗುಣಿಸ್ರಿ), ಉಷ್ಣಾಂಶ ಕೆಲ್ವಿನ್‌ನಿಂದ ಸೆಲ್ಸಿಯಸ್‌ಗೆ, ಮಳೆ ಮೀಟರಿನಿಂದ ಮಿ.ಮೀ.ಗೆ, ಮೋಡ ಶೇಕಡಾಕ್ಕೆ. ತೇವಾಂಶವನ್ನು ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನಿಂದ (ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣಾಂಶ) ಗಂಟೆಗಂಟೆಗೂ ತೆಗೀರಿ. ದಿನದ ಸರಾಸರಿ ಕೊಟ್ಟರೆ ಮಧ್ಯಾಹ್ನದ ಒಣ ಹೊತ್ತೇ ಅಳಿಸಿಹೋಗುತ್ತದೆ, ಬೆಂಕಿ ಓಡುವುದು ಆವಾಗಲೇ.

ಫೈಲ್‌ನಲ್ಲಿ ಹವಾಮಾನ ಕೇಂದ್ರದ ಎತ್ತರ ಬರೆಯುವ ಜಾಗದಲ್ಲಿ ಸೊನ್ನೆ ಬಿಡಬೇಡ್ರಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಸೊನ್ನೆ ಇದ್ದರೆ ಉಷ್ಣಾಂಶ ಕಡಲತೀರದ್ದೆಂದು ತಿಳಿದು ನಮ್ಮ ಕಾಡನ್ನು ಸುಮ್ಮನೆ ತಂಪು ಮಾಡುತ್ತದೆ, ಎಲೆ ಹುಲ್ಲು ಹಸಿಯಾಗಿ ತೋರುತ್ತವೆ. ಇಆರ್‌ಎ5 ಬಳಸುವವರು ಆ ಗ್ರಿಡ್ ಚೌಕದ ಎತ್ತರವನ್ನೇ ಹಾಕ್ರಿ.

ಫೈಲ್ ಬೆಂಕಿಯ ದಿನದಿಂದ ಶುರುವಾಗುವುದು ಬೇಡ, ಒಂದು ವಾರ ಹಿಂದಿನಿಂದ ಇರಲಿ. ಒಣಹುಲ್ಲು ತಾಸಿನೊಳಗೆ ಒಣಗುತ್ತದೆ, ದಪ್ಪ ಕಟ್ಟಿಗೆಗೆ ದಿನಗಳು ಬೇಕು. ಏಪ್ರಿಲ್‌ನಲ್ಲಿ ಅಕಾಲಿಕ ಮಳೆಯೊಂದು ಬಿದ್ದಿದ್ದರೆ ಫಲಿತಾಂಶವೇ ಬದಲಾಗುತ್ತದೆ.

ಯಾದಗಿರಿ ಕಡೆಯ ಬಯಲಿಗಾದರೆ ಇಡೀ ನಕ್ಷೆಗೆ ಒಂದೇ ಗಾಳಿ ನಡೆದೀತು. ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಸುತ್ತಲಿನ ಗುಡ್ಡ ಕಣಿವೆಗೆ ನಡೆಯುವುದಿಲ್ಲ. ವಿಂಡ್‌ನಿಂಜಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಗ್ರಿಡ್ ಗಾಳಿ (ಗುಡ್ಡ ಕಣಿವೆಗೆ ತಕ್ಕಂತೆ ಚೌಕಚೌಕಕ್ಕೂ ಬೇರೆ ಗಾಳಿ) ತಯಾರಿಸಿ ಕೊಡ್ರಿ. ಆದರೆ ಅದಕ್ಕೂ ಮೊದಲು ಸಮತಟ್ಟು ನೆಲ, ಒಂದೇ ಜಾತಿಯ ಹುಲ್ಲು, ಸ್ಥಿರವಾದ 270 ಡಿಗ್ರಿ ಗಾಳಿ ಇಟ್ಟು ಒಮ್ಮೆ ಓಡಿಸ್ರಿ. ಬೆಂಕಿಯ ಅಂಡಾಕಾರ ಪೂರ್ವಕ್ಕೆ ಚಾಚಿದರೆ ಸೆಟ್ಟಿಂಗ್ ಸರಿಯಿದೆ, ತಪ್ಪು ನಿಮ್ಮ ಫೈಲ್‌ನಲ್ಲೇ ಇದೆ. ಆಗ ಅದರ ಮೊದಲ ಹತ್ತು ಸಾಲು ಇಲ್ಲಿ ಹಾಕ್ರಿ, ನೋಡೋಣ.