ಸವಾರಿ ಆಮೇಲೆ, ಮೊದಲು ಲದ್ದಿ ಎತ್ತಲಿ

ತುಮಕೂರಿನ ತಾಯಿಯೊಬ್ಬರ ಪತ್ರ: "ಒಂಬತ್ತು ವರ್ಷದ ಮಗಳು ಈ ರಜೆಯಲ್ಲಿ ಕುದುರೆ ಸವಾರಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಜೀವನ ಕೌಶಲ, ಸೃಜನಶೀಲತೆ ಎಲ್ಲ ಬೆಳೆಯುತ್ತದೆ ಅಂತ ಶಿಬಿರದವರ ಜಾಹೀರಾತು ಹೇಳುತ್ತದೆ. ನಮ್ಮ ಯಜಮಾನರು ಇದು ದುಡ್ಡಿದ್ದವರ ಶೋಕಿ, ಅಬಾಕಸ್‌ಗೆ ಸೇರಿಸು ಅನ್ನುತ್ತಾರೆ. ಕುದುರೆಯಿಂದ ಮಗುವಿಗೆ ಏನು ಉಪಯೋಗ?"

ಸಂಪಾದಕರ ಉತ್ತರ:

ನಿಮ್ಮ ಯಜಮಾನರ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಫೀಸು ಜಾಸ್ತಿ. ಬಿದ್ದರೆ ಪೆಟ್ಟಾಗುತ್ತದೆ, ಹೆಲ್ಮೆಟ್ ಇಲ್ಲದೆ ಹತ್ತಿಸುವ ಕಡೆಗೆ ಕಳಿಸಲೇಬೇಡಿ. ಅಷ್ಟು ಒಪ್ಪಿದೆ. ಆದರೆ ನಾನು ನಿಮ್ಮ ಮಗಳ ಪಕ್ಷ.

ನನ್ನ ತಂಗಿಯ ಮಗನಿಗೆ ಆಗ ಹತ್ತು ವರ್ಷ, ಮೂಗಿನ ತುದಿಯಲ್ಲೇ ಕೋಪ. ಮೈಸೂರಿನ ಒಂದು ಲಾಯಕ್ಕೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ವಾರ ಸವಾರಿಯೇ ಇಲ್ಲ. ಲದ್ದಿ ಎತ್ತು, ನೀರು ತುಂಬು, ಮೈ ಉಜ್ಜು. ಎರಡನೇ ದಿನ ಕುದುರೆಯ ಎದುರು ನಿಂತು ಹಗ್ಗ ಜಗ್ಗಿದ. 400 ಕಿಲೋ ತೂಕದ ಪ್ರಾಣಿ, ಅಲುಗಲಿಲ್ಲ. ಕಿರುಚಿದ. ಅದು ಕಿವಿ ಹಿಂದಕ್ಕೆ ಒತ್ತಿಕೊಂಡಿತು. ಲಾಯ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು, "ಹಗ್ಗ ಸಡಿಲ ಬಿಡು ಮಗಾ. ಅದರ ಭುಜದ ಪಕ್ಕ ನಿಂತ್ಕೊ. ಎಲ್ಲಿಗೆ ಹೋಗ್ಬೇಕೋ ಆ ಕಡೆ ನೋಡ್ತಾ ನಡಿ" ಅಂದರು. ಹುಡುಗ ಉಸಿರು ಬಿಟ್ಟು ನಡೆದ. ಕುದುರೆಯೂ ಜೊತೆಗೆ ನಡೆಯಿತು. ಅವನ ಮುಖ ನೋಡಬೇಕಿತ್ತು ನೀವು!

ಕುದುರೆ ನಮ್ಮ ಮೈಯನ್ನೇ ಓದುತ್ತದೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆಗೆ ಲೆಕ್ಕ ಬರುತ್ತದೆ ಅಂತ ದೊಡ್ಡ ಹೆಸರಿತ್ತು. ಉತ್ತರ ಎಷ್ಟೋ ಅಷ್ಟು ಸಲ ಗೊರಸಿನಿಂದ ನೆಲ ತಟ್ಟುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬುವರು ಪರೀಕ್ಷೆ ಮಾಡಿ 1907ರಲ್ಲಿ ಇದರ ಗುಟ್ಟನ್ನು ಬರೆದರು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ ಒಂಚೂರು ಅಲುಗುತ್ತಿತ್ತು. ಅವರಿಗೇ ತಿಳಿಯದ ಅಲುಗಾಟ ಅದು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಲೆಕ್ಕಕ್ಕಿಂತ ಇದು ದೊಡ್ಡ ವಿದ್ಯೆ ಅಲ್ವಾ? ಅಂಥ ಪ್ರಾಣಿಯ ಹತ್ತಿರ ಒಳಗೆ ಸಿಟ್ಟು ಇಟ್ಟುಕೊಂಡು ಹೊರಗೆ ಮುದ್ದು ಮಾಡಿದರೆ ನಡೆಯಲ್ಲ.

ಸೃಜನಶೀಲತೆ ಅಂದಿರಿ. ಆ ಹುಡುಗ ಮೊದಲು ಬರೆಯುತ್ತಿದ್ದ ಕುದುರೆಗೆ ನಾಲ್ಕು ಕಡ್ಡಿ ಕಾಲು. ಒಂದು ತಿಂಗಳು ದಿನಾ ಕಾಲು ಎತ್ತಿ ಹಿಡಿದು, ಗೊರಸಿನ ಮಣ್ಣು ಕೆರೆದು, ಸಿಕ್ಕಿಕೊಂಡ ಕಲ್ಲು ತೆಗೆದ. ಹಿಂಗಾಲು ಎಲ್ಲಿ ಮಡಚುತ್ತದೆ ಅಂತ ಅವನ ಕೈಗೇ ಗೊತ್ತಾಯಿತು. ಆಮೇಲೆ ಬರೆದ ಚಿತ್ರದಲ್ಲಿ ಆ ಕಾಲು ಸರಿಯಾಗಿ ಮಡಚಿತ್ತು. ಗೊರಸಿನ ತಳದಲ್ಲಿರುವ ಮೆತ್ತನೆಯ ತ್ರಿಕೋನವನ್ನೂ ಪಕ್ಕದಲ್ಲಿ ಬೇರೆಯಾಗಿ ಬರೆದಿದ್ದ. ಯಾವ ಡ್ರಾಯಿಂಗ್ ಕ್ಲಾಸಿಗೂ ಹೋದವನಲ್ಲ ಅವನು.

ಆದರೆ ತಾಯೀ, "ಏನು ಉಪಯೋಗ" ಅನ್ನುವ ಪ್ರಶ್ನೆ ನೋಡಿ ನನಗೆ ಬೇಜಾರಾಯಿತು. ಮಕ್ಕಳು ಏನೇ ಆಸೆಪಟ್ಟರೂ ನಾವು ಮೊದಲು ಕೇಳುವುದು ಇದನ್ನೇ. ರಜೆಗೂ ಸರ್ಟಿಫಿಕೇಟ್ ಬೇಕು. ಬಕೆಟ್ ಎತ್ತಲು ಬಿಡುವುದಿಲ್ಲ, ಕೈ ಕೊಳೆ ಆಗಲು ಬಿಡುವುದಿಲ್ಲ, ಆಮೇಲೆ ಜೀವನ ಕೌಶಲ ಕಲಿಸಿ ಅಂತ ದುಡ್ಡು ಕಟ್ಟುತ್ತೇವೆ. ನಿಮ್ಮ ಜಿಲ್ಲೆಯ ಕುಣಿಗಲ್‌ನಲ್ಲೇ ಟಿಪ್ಪು ಕಾಲದಿಂದ ಕುದುರೆ ಸಾಕುತ್ತಾ ಬಂದಿದ್ದಾರೆ. ಅಲ್ಲಿನ ಎಷ್ಟು ಮಕ್ಕಳು ಒಂದು ಕುದುರೆಯನ್ನಾದರೂ ಮುಟ್ಟಿದ್ದಾರೆ? ಕುದುರೆ ಮತ್ತೆ ಮತ್ತೆ ತನ್ನ ಪಕ್ಕೆ ತಿರುಗಿ ನೋಡಿದರೆ ಅದಕ್ಕೆ ಹೊಟ್ಟೆನೋವು ಅಂತ ಕಂಡುಹಿಡಿಯುವವರು ಲಾಯದಲ್ಲಿ ದುಡಿಯುವವರು. ಅವರನ್ನು ಯಾರೂ ಮೇಷ್ಟ್ರೇ ಅನ್ನುವುದಿಲ್ಲ. ಜಾಹೀರಾತಿನಲ್ಲಿ ಅವರ ಫೋಟೋ ಇರುವುದಿಲ್ಲ.

ಸೇರಿಸುವ ಮೊದಲು ಒಂದು ಬೆಳಿಗ್ಗೆ ನೀವೇ ಹೋಗಿ ನಿಂತು ನೋಡಿ. ಬಂದ ಕೂಡಲೇ ಮಕ್ಕಳನ್ನು ಹತ್ತಿಸಿ ಎರಡು ಸುತ್ತು ಹಾಕಿಸಿ ಇಳಿಸುತ್ತಾರೋ, ಮೊದಲು ಮೈ ಉಜ್ಜಲು ಕಲಿಸುತ್ತಾರೋ ಗಮನಿಸಿ. ಎರಡನೆಯದಾದರೆ ಯಜಮಾನರನ್ನೂ ಒಪ್ಪಿಸಿ ಸೇರಿಸಿಬಿಡಿ. ರಜೆ ಮುಗಿದ ಮೇಲೆ ಮಗಳು ಬರೆದ ಕುದುರೆ ಚಿತ್ರ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.