ಪ್ರತಿಕ್ರಿಯೆ: ಚರ್ಚ್ ಯುವಜನರ ಕುದುರೆಮುಖ ಚಾರಣ

ಅಕ್ಟೋಬರ್‌ನ ಒಂದು ಭಾನುವಾರ, ಬೆಳಗಿನ ಪೂಜೆ ಮುಗಿಸಿ ಮಂಗಳೂರಿನಿಂದ ಹೊರಟು ಕುದುರೆಮುಖ ಹತ್ತಿ ಬರಬಹುದೇ, ಗುಂಪಿನಲ್ಲಿ ಹದಿನಾಲ್ಕರ ಮಕ್ಕಳೂ ಇದ್ದಾರೆ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಶಿಖರ ಸುಮಾರು 1,890 ಮೀಟರ್ ಎತ್ತರ, ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ಬೆಳಗ್ಗೆ ಬೇಗ ಬುಡದಲ್ಲಿರಬೇಕು. ಅಕ್ಟೋಬರ್ ಕೊನೆಗೆ ಸಂಜೆ ಆರು ದಾಟಿದರೆ ಕತ್ತಲೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಇದೆ. ಶುಕ್ರವಾರ ರಾತ್ರಿ, ಚಾರಣ ಶುರುವಾಗುವ ಮುಳ್ಳೋಡಿ ಕಡೆಯ ಹೋಂಸ್ಟೇಯಲ್ಲಿ ತಂಗಿ ಶನಿವಾರ ಹತ್ತಿದರೆ ಭಾನುವಾರದ ಪೂಜೆಗೂ ಊರಲ್ಲಿರುತ್ತೀರಿ.

ಮಳೆ ನಿಂತ ಹೊಸತರಲ್ಲಿ ಶೋಲಾ ಕಾಡಿನೊಳಗೆ (ಬೆಟ್ಟದ ಕಣಿವೆಗಳಲ್ಲಿರುವ ಗಿಡ್ಡ ಮರಗಳ ದಟ್ಟ ಕಾಡು) ಜಿಗಣೆ ಬಿಡುವುದಿಲ್ಲ. ಕೂತರೆ ಸಾಕು, ಸಾಕ್ಸಿನ ಹೆಣಿಗೆಯ ಸಂದಿಯಿಂದಲೇ ನೂಲಿನಷ್ಟು ತೆಳ್ಳಗೆ ನುಸುಳುತ್ತದೆ. ಕಿತ್ತೆಳೆಯದೆ ಉಗುರಿನಿಂದ ಪಕ್ಕಕ್ಕೆ ಸರಿಸಲು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಹಳ್ಳದ ಕಲ್ಲುಗಳ ಮೇಲೆ ಪಾಚಿ ಇರುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು.

ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಬೆಳ್ತಂಗಡಿ ಬಳಿಯ ಗಡಾಯಿಕಲ್ಲು ಸಾಕು. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಅದೇ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಅರ್ಧ ದಿನದ ಕೆಲಸ. ಒದ್ದೆಯಿದ್ದರೆ ಮಾತ್ರ ಜಾರುತ್ತದೆ, ಹಾಗಾಗಿ ಹಿಂದಿನ ದಿನ ಮಳೆ ಬಂದಿದ್ದರೆ ಮುಂದೂಡಿ. ಎಲ್ಲರಿಗಿಂತ ಹಿಂದೆ ಒಬ್ಬ ದೊಡ್ಡವರು ನಡೆಯಲೇಬೇಕು, ಸುಸ್ತಾದ ಮಗು ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ.