ಹೊಸ ಸಿನಿಮಾ ಸಾಕು, ಹಳೇ ದೃಶ್ಯ ಹಿಡಿಯಿರಿ

ಜಮಖಂಡಿಯ ಓದುಗರೊಬ್ಬರು ಬರೆದಿದ್ದಾರೆ: ‘ವಾರಕ್ಕೆ ಮೂರ್ನಾಲ್ಕು ಸಿನಿಮಾ ನೋಡುತ್ತೇನೆ. ಗೆಳೆಯರು ಹೆಂಗಿತ್ತು ಅಂತ ಕೇಳಿದರೆ “ಭಾರಿ ಐತಿ” ಅನ್ನೋದು ಬಿಟ್ಟು ಬೇರೆ ಮಾತು ಬರುವುದಿಲ್ಲ. ಸಿನಿಮಾ ಹೇಗೆ ಕಟ್ಟುತ್ತಾರೆ ಅಂತ ತಿಳಿಯಲು ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಬೇಕಾ? ಇನ್ನೂ ಜಾಸ್ತಿ ಸಿನಿಮಾ ನೋಡಬೇಕಾ?’

ಸಂಪಾದಕರ ಉತ್ತರ:

ಸದ್ಯಕ್ಕೆ ಎರಡೂ ಬೇಡ. ನಿಮಗೆ ಇಷ್ಟವಾದ ಯಾವುದಾದರೂ ಹಳೇ ಸಿನಿಮಾದಿಂದ ಮೂರು ನಿಮಿಷದ ಒಂದು ದೃಶ್ಯ ಆರಿಸಿಕೊಳ್ಳಿ. ಕಥೆ ಗೊತ್ತಿದ್ದರೇ ಒಳ್ಳೆಯದು. ಇಲ್ಲದಿದ್ದರೆ ಮನಸ್ಸು ‘ಮುಂದೇನಾಯ್ತು’ ಅಂತ ಓಡುತ್ತದೆ, ಮಾಡಿದವರ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಮೊದಲು ದನಿ ಪೂರ್ತಿ ಬಂದ್ ಮಾಡಿ ನೋಡಿ. ಕೈಯಲ್ಲಿ ಪೆನ್ನಿರಲಿ. ಕಟ್ ಆದಾಗಲೆಲ್ಲ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾದಾಗಲೆಲ್ಲ, ಹಾಳೆಯ ಮೇಲೆ ಒಂದು ಗೀಟು ಎಳೆಯಿರಿ. ಪಕ್ಕದಲ್ಲಿ ಯಾರು ಕಾಣುತ್ತಿದ್ದಾರೆ, ಹತ್ತಿರದಿಂದಲೋ ದೂರದಿಂದಲೋ ಅಂತ ಬರೆದುಕೊಳ್ಳಿ. ಆಮೇಲೆ ಕೂತು ಯೋಚಿಸಿ: ಇಲ್ಲೇ ಯಾಕೆ ಕತ್ತರಿಸಿದರು?

ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದಾನೆ ಅನ್ನಿ. ಕ್ಯಾಮೆರಾ ಬಸ್ಸಿನೊಳಗೆ ಮಗಳ ಪಕ್ಕ ಇದ್ದರೆ, ಕಿಟಕಿಯಲ್ಲಿ ಅಪ್ಪ ಸಣ್ಣವನಾಗುತ್ತಾ ಹೋಗುತ್ತಾನೆ. ಊರು ಬಿಡುತ್ತಿರುವವರು ನಾವು. ಅದೇ ಕ್ಯಾಮೆರಾ ಕೆಳಗೆ ಅಪ್ಪನ ಹೆಗಲ ಹಿಂದೆ ನಿಂತರೆ, ಬಸ್ಸು ಹೋಗುತ್ತದೆ, ಧೂಳು ಉಳಿಯುತ್ತದೆ, ನಾವೂ ಅವನ ಜೊತೆ ಅಲ್ಲೇ ಉಳಿಯುತ್ತೇವೆ. ಸಂಭಾಷಣೆ ಅದೇ, ನಟರೂ ಅವರೇ. ಕಥೆ ಯಾರದು ಅನ್ನೋದು ಮಾತ್ರ ಬದಲಾಯಿತು. ಇದು ನಿಮಗೆ ಒಮ್ಮೆ ಕಂಡರೆ ‘ಭಾರಿ ಐತಿ’ ಅನ್ನುವ ಮೊದಲು ಹೇಳಲು ನಾಲ್ಕು ಮಾತು ತಾನಾಗಿಯೇ ಬರುತ್ತವೆ.

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೊವ್ ಒಬ್ಬ ನಟನ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಅಂಟಿಸಿ ತೋರಿಸಿದ. ಹಸಿವನ್ನು ಎಷ್ಟು ಚೆನ್ನಾಗಿ ತೋರಿಸಿದ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ ಅಂತ ಜನ ನಟನನ್ನು ಹೊಗಳಿದರಂತೆ! ನಾವು ನಾಯಕನಿಗೆ ಹೊಡೆಯುವ ಸಿಳ್ಳೆಯಲ್ಲಿ ಅರ್ಧ ಎಡಿಟರ್‌ಗೆ ಸೇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎರಡನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿರುತ್ತೀರಿ, ಅಲ್ವಾ? ಸದ್ದು ಹಲವು ಸಲ ತಿರುಗಿ ಬರುತ್ತದೆ. ಅಂಥ ಜಾಗದಲ್ಲಿ ನಾಯಕ ಆಡಿದ ಮಾತು ಕಿವಿಯ ಪಕ್ಕ ಹೇಳಿದಷ್ಟು ಸ್ವಚ್ಛವಾಗಿ ಕೇಳಿಸಿದರೆ, ಅದು ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿದ್ದು ಅಂತ ಊಹಿಸಬಹುದು. ಹೆಜ್ಜೆ ಸದ್ದು, ಬಳೆ ಸದ್ದು, ಬಾಗಿಲು ಕಿರುಗುಟ್ಟುವುದನ್ನೂ ಎಷ್ಟೋ ಸಲ ಹೀಗೇ ಬೇರೆಯಾಗಿ ಸೇರಿಸುತ್ತಾರೆ. ಹಿನ್ನೆಲೆ ಸಂಗೀತ ಎಲ್ಲಿ ಶುರುವಾಯಿತು ಅಂತಲೂ ಗುರುತು ಹಾಕಿ. ಅಳು ಬರುವ ಮೊದಲೇ ಪಿಟೀಲು ಬಂದರೆ ನಿರ್ದೇಶಕನಿಗೆ ನಟರ ಮೇಲೆ ನಂಬಿಕೆ ಸಾಲದು ಅಂತ ನನ್ನ ಗುಮಾನಿ.

ಬೆಳಕಿನ ಬಗ್ಗೆ ಬರೆದರೆ ಈ ಪುಟ ಸಾಲದು. ಮುಖದ ಯಾವ ಕೆನ್ನೆ ಕತ್ತಲಲ್ಲಿದೆ ಅಂತ ನೋಡಿ, ಶುರುವಿಗೆ ಅಷ್ಟು ಸಾಕು.

ಇನ್ನು ಬೆಂಗಳೂರಿನ ವಿಚಾರ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಚಿತ್ರೀಕರಣ ಆಗಿದ್ದು ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಗ ಕನ್ನಡ ಸಿನಿಮಾ ಮಾಡಲು ಬೆಂಗಳೂರಿನವರೇ ಈ ಕಡೆ ಬರಬೇಕಾಯಿತು! ಕೋರ್ಸ್ ಬೇಕು ಅನ್ನಿಸಿದರೆ ಖಂಡಿತ ಹೋಗಿ, ಆದರೆ ಹತ್ತಿಪ್ಪತ್ತು ಹಾಳೆ ಗೀಟು ಎಳೆದ ಮೇಲೆ ಹೋಗಿ.

ಟಾಕೀಸಿನಲ್ಲಿ ಮಾತ್ರ ಪಕ್ಕದವರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ನಿಮ್ಮ ಮೊದಲ ಹಾಳೆಯನ್ನು ನಮಗೆ ಕಳಿಸಿ. ಯಾವ ಸಿನಿಮಾ, ಯಾವ ದೃಶ್ಯ ಅಂತ ಮೇಲೆ ಬರೆಯುವುದು ಮರೆಯಬೇಡಿ.